ಮಳೆಯ ಯೂ, ಪಚ್ಚೆಯ ಯೂ

ಠಪ್. ಸ್ವಲ್ಪ ಬಿಡುವು. ಮತ್ತೆ ಠಪ್.

ಸಿಬ್ಬಂದಿ ಕಚೇರಿಯ ಮೇಜಿನ ಮುಂದೆ ಕೂತು ಚಿಯೂ ಯೂ-ಶಾನ್ ಸಹಿಯ ಬದಲಿಗೆ ತನ್ನ ಹೆಸರಿನ ಮುದ್ರೆಯನ್ನು ಕೆಂಪು ಮಸಿಗೆ ಒತ್ತಿ, ಪಟ್ಟಿಯಲ್ಲಿದ್ದ ಒಂದೊಂದು ಸಂಶೋಧನಾ ಪ್ರಬಂಧದ ಪಕ್ಕದಲ್ಲೂ ಊರುತ್ತಿದ್ದಳು. ಇದು ನನ್ನದು, ಇದೂ ನನ್ನದು. ಪಟ್ಟಿ ಐದು ಗಂಟೆಯೊಳಗೆ ಬಡ್ತಿ ಸಮಿತಿಗೆ ಹೋಗಬೇಕಿತ್ತು.

ವಯಸ್ಸು ನಲವತ್ತಾರು. ಹದಿಮೂರು ವರ್ಷ ತೈತುಂಗ್ ಬೆಟ್ಟದ ಒಂದು ಪುಟ್ಟ ಶಾಲೆಯಲ್ಲಿ ಪಾಠ ಹೇಳಿದವಳು. ಅಲ್ಲಿಯ ಮಕ್ಕಳ ಮನೆಮಾತೇ ಬೇರೆ, ಪುಸ್ತಕದ ಮಾತೇ ಬೇರೆ. ಬಾಯಿ ಮುಚ್ಚಿ ಓದಿದರೆ ಅವರ ಪಾಲಿಗೆ ಪುಟ ಮೂಕ. ಗಟ್ಟಿಯಾಗಿ ಓದಿದರೆ ಮಾತ್ರ ಅರ್ಥ ಮೆಲ್ಲಗೆ ಬಂದು ಮುಖದ ಮೇಲೆ ಕೂರುತ್ತಿತ್ತು. ಅದು ಯಾಕೆಂದು ತಿಳಿಯುವ ಹಟಕ್ಕೆ ತಡವಾಗಿ ಡಾಕ್ಟರೇಟ್ ಮಾಡಿ, ಪಿಂಗ್‌ತುಂಗಿನ ಈ ವಿಶ್ವವಿದ್ಯಾಲಯ ಸೇರಿದಳು. ಸೇರಿದ ದಿನವೇ ಆರು ವರ್ಷದ ನಿಯಮ ಕೊರಳಿಗೆ ಬಿತ್ತು. ಅಷ್ಟರೊಳಗೆ ಬಡ್ತಿ ಸಿಗಬೇಕು, ಇಲ್ಲವಾದರೆ ಕೆಲಸ ಬಿಡಬೇಕು. ಬಡ್ತಿ ಬೇಕೆಂದರೆ ಅವಳ ಪ್ರಬಂಧಗಳನ್ನು ಬೇರೆಯವರು ಮುನ್ನೂರು ಸಲವಾದರೂ ಉಲ್ಲೇಖಿಸಿರಬೇಕು.

ಬರೆದದ್ದನ್ನು ತಿದ್ದಿ, ತಿದ್ದಿದ್ದನ್ನು ಮತ್ತೆ ತಿದ್ದಿ, ಪತ್ರಿಕೆಗಳ ಬಾಗಿಲು ಬಡಿದು ಆರು ವರ್ಷ ಸವೆದಿತ್ತು. ಅವಳ ಲೆಕ್ಕದಲ್ಲಿ ಉಲ್ಲೇಖಗಳು ಅರವತ್ತೊಂದು. ಕಂಪ್ಯೂಟರಿನಿಂದ ಬಂದ ಪಟ್ಟಿಯಲ್ಲಿ ಮುನ್ನೂರ ನಲವತ್ತೆಂಟು.

ಹನ್ನೊಂದು ಸಾಲಿಗೆ ಮುದ್ರೆ ಬಿತ್ತು. ಹನ್ನೆರಡನೆಯದಕ್ಕೆ ಕೈ ಮೇಲೇಳಲಿಲ್ಲ.

"ಯಾಕೆ ಟೀಚರ್, ನಿದ್ದೆ ಬಂತಾ?" ಎಂದಳು ಗುಮಾಸ್ತೆ ಕಾಂಗ್ ಅಕ್ಕ.

"ಇದು ನಾನು ಬರೆದದ್ದಲ್ಲ ಅಕ್ಕಾ."

"ನಿಮ್ಮ ಹೆಸರೇ ಇದೆಯಲ್ಲ!"

"ಇಂಗ್ಲಿಷಿನಲ್ಲಿ ಬರೆದರೆ ಇಬ್ಬರದೂ ಒಂದೇ ಕಾಣುತ್ತೆ. ನಮ್ಮ ಲಿಪಿಯಲ್ಲಿ ಅಕ್ಷರವೇ ಬೇರೆ. ನನ್ನ ಯೂ ಅಂದ್ರೆ ಮಳೆ. ಈಕೆ ತೈಪೆಯವಳು. ಇವಳ ಯೂ ಅಂದ್ರೆ ಪಚ್ಚೆ."

ಕಾಂಗ್ ಅಕ್ಕ ಕನ್ನಡಕ ಏರಿಸಿ ಬಗ್ಗಿದಳು. "ಯಂತ್ರಕ್ಕೆ ಮಳೆ ಯಾವುದು ಪಚ್ಚೆ ಯಾವುದು ಅಂತ ಏನು ಗೊತ್ತು, ಪಾಪ! ಎಷ್ಟಿದೆ ಅವಳದ್ದು?"

"ಇನ್ನೂರ ಎಂಬತ್ತೇಳು."

"ಅಮ್ಮಾ!" ಎಂದ ಕಾಂಗ್ ಅಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಾನು ಕೇಳಿಸ್ಕೊಂಡಿಲ್ಲ. ನೀವು ಹೇಳಿಲ್ಲ."

ಯೂ-ಶಾನ್‌ಗೂ ಹಾಗೇ ಅನಿಸಿತ್ತು. ಹೋದ ವಾರ ಪಟ್ಟಿ ಮೊದಲು ಕಂಡಾಗ ಸುಮ್ಮನಿರೋಣ ಅಂದುಕೊಂಡಿದ್ದಳು. ದಣಿದವರಿಗೆ ಸುಮ್ಮನಿರುವುದಕ್ಕಿಂತ ಸುಲಭ ಯಾವುದಿದೆ? ನಿನ್ನೆ ಆ ಪ್ರಬಂಧ ತೆರೆದು ಓದಿದಳು. ಆರು ಸಾವಿರ ಮಕ್ಕಳ ಅಂಕಗಳನ್ನು ಮುಂದಿಟ್ಟುಕೊಂಡು ಪಚ್ಚೆಯ ಯೂ ಬರೆದಿದ್ದ ತೀರ್ಮಾನ ಒಂದೇ ಸಾಲಿನದು: ತರಗತಿಯಲ್ಲಿ ಗಟ್ಟಿಯಾಗಿ ಓದಿಸುವುದು ಕಾಲಹರಣ, ನಿಲ್ಲಿಸಬೇಕು.

ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರಾದ ಲಿಯಾವ್ ಮೇಷ್ಟ್ರು ಚಹಾದ ಲೋಟ ಹಿಡಿದು ಬಂದರು. ಇವಳನ್ನು ಕೆಲಸಕ್ಕೆ ತಂದವರು ಅವರೇ.

"ಮುನ್ನೂರ ನಲವತ್ತೆಂಟಂತೆ! ಹೇಳಲೇ ಇಲ್ಲ ನೀನು. ಒಳಗೊಳಗೇ ಮುಗಿಸಿಬಿಟ್ಟೆ ನೋಡು."

ಅವಳು ವಿಷಯ ಹೇಳಿದಳು. ಮೇಷ್ಟ್ರು ಚಹಾ ಗುಟುಕರಿಸಿದರು.

"ತಪ್ಪು ಯಾರದು? ಯಂತ್ರದ್ದು. ನೀನು ಬಾಯಿ ಬಿಡಬೇಡ, ಅಷ್ಟೆ."

"ಸಮಿತಿಯವರು ಕೇಳಿದ್ರೆ, ಸರ್?"

"ಕೇಳೋಕೆ ಓದಿರಬೇಕಲ್ಲಮ್ಮ! ನಾನೇ ನಿನ್ನ ಒಂದು ಪ್ರಬಂಧಾನೂ ಪೂರ್ತಿ ಓದಿಲ್ಲ."

ಕಾಂಗ್ ಅಕ್ಕ ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. ಯೂ-ಶಾನ್‌ಗೆ ನಗು ಬರಲಿಲ್ಲ, ಕೋಪವೂ ಬರಲಿಲ್ಲ. ಅವರು ಹೇಳಿದ್ದು ನಿಜವಿರಬೇಕು.

"ಇದಕ್ಕೆ ಮುದ್ರೆ ಒತ್ತಿದ್ರೆ ನನ್ನ ಬೆಟ್ಟದ ಮಕ್ಕಳ ಬಾಯಿ ನಾನೇ ಮುಚ್ಚಿದ ಹಾಗೆ, ಸರ್," ಎಂದಳು. ಆಮೇಲೆ ಕಾಂಗ್ ಅಕ್ಕನ ಕಡೆ ತಿರುಗಿ, "ಒಂದು ಸಾಲು ಹೊಡೆದುಹಾಕಬೇಕಾದ್ರೆ ಹೇಗೆ ಮಾಡೋದು?" ಎಂದು ಕೇಳಿದಳು.

"ಎರಡು ಗೆರೆ ಎಳೆದು..." ಕಾಂಗ್ ಅಕ್ಕ ತಡವರಿಸಿದಳು. "ಗೆರೆ ಮೇಲೆ ನಿಮ್ಮ ಮುದ್ರೆನೇ ಒತ್ತಬೇಕು. ಹೊಡೆದವರು ಯಾರು ಅಂತ ಗೊತ್ತಾಗ್ಬೇಕಲ್ಲ."

ಅಡಿಕೋಲು ಇರಲಿಲ್ಲ. ಯೂ-ಶಾನ್ ಲಕೋಟೆಯ ಅಂಚು ಹಿಡಿದು ಎರಡು ಗೆರೆ ಎಳೆದು, ಅದರ ನಡುವೆ ಮಳೆಯ ಅಕ್ಷರವಿದ್ದ ಮುದ್ರೆಯನ್ನು ಊರಿದಳು. ಪಟ್ಟಿಯನ್ನು ಎರಡೂ ಕೈಯಿಂದ ಕಾಂಗ್ ಅಕ್ಕನಿಗೆ ಕೊಟ್ಟಳು.

"ಹುಚ್ಚು ಹಿಡಿದಿದೆಯಾ ನಿಂಗೆ?" ಮೇಷ್ಟ್ರು ಲೋಟ ಕೆಳಗಿಟ್ಟರು. "ಮುಂದಿನ ವರ್ಷ ನೋಡೋಣ ಅನ್ನೋಕೆ ನಿನಗೆ ಮುಂದಿನ ವರ್ಷ ಅನ್ನೋದೇ ಇಲ್ಲ. ಅರವತ್ತೊಂದು ಇಟ್ಕೊಂಡು ಏನು ಮಾಡ್ತೀಯ? ಮತ್ತೆ ಬೆಟ್ಟ ಹತ್ತುತ್ತೀಯಾ, ಈ ನೋಯೋ ಮಂಡಿ ಇಟ್ಕೊಂಡು?"

ಅವಳು ಚೀಲ ಹೆಗಲಿಗೇರಿಸಿ, ಹೋಗಿ ಬರುವೆನೆಂಬಂತೆ ತಲೆಬಾಗಿಸಿದಳು. ಮೇಷ್ಟ್ರು ಅದನ್ನು ಒಪ್ಪಿಗೆಯೆಂದೇ ತಿಳಿದರು.

"ಹಾಂ, ಹಾಗೆ ಯೋಚನೆ ಮಾಡು. ಇನ್ನೂ ಇಪ್ಪತ್ತು ನಿಮಿಷ ಇದೆ, ಹೊಸ ಪ್ರತಿ ತೆಗೆಸೋಣ. ಕಾಂಗ್, ಆ ಯಂತ್ರ ಹಾಕು. ನಾನು ಹೇಳೋದು ಏನಂದ್ರೆ, ಬರೆದವರು ಯಾರಾದ್ರೆ ಏನು, ಈ ಸಂಖ್ಯೆ..."

ಅವಳು ಆಗಲೇ ಬಾಗಿಲು ದಾಟಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು.