ಕಾವಿ ನೆಲದ ಹೊಳಪು

ತೊಂಬತ್ತರ ದಶಕದ ಕೊನೆ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಮನೆ ನಕ್ಷೆ ಮಾಡುವ ಆಫೀಸೊಂದರಲ್ಲಿ ನಾನು ಕೆಲಸಕ್ಕಿದ್ದೆ. ಇನ್ನೂ ಕಟ್ಟದ ಮನೆ ಒಳಗಿನಿಂದ ಹೇಗೆ ಕಾಣುತ್ತದೆಂದು ತೋರಿಸುವ ಸಾಫ್ಟ್‌ವೇರ್ ಹೊಸದಾಗಿ ಬಂದಿತ್ತು. ಗೋಡೆ, ಕಂಬ ಎಬ್ಬಿಸುವುದನ್ನು ಬೇಗ ಕಲಿತೆ. ಕಲ್ಲನ್ನು ಕಲ್ಲಿನಂತೆ, ಮರವನ್ನು ಮರದಂತೆ ಕಾಣಿಸುವುದು ಮಾತ್ರ ಕೈಗೆ ಹತ್ತಲಿಲ್ಲ.

ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹೊಸ ಮನೆಯ ಪಡಸಾಲೆಗೆ ಕೆಂಪು ಕಾವಿ ನೆಲ ಬೇಕೆಂದರು. ಅವರ ಹೆಂಡತಿಗೆ ಟೈಲ್ಸ್ ಬೇಕಿತ್ತು. "ಚಿತ್ರ ಮಾಡಿ ತೋರ್ಸವ್ವ, ಆಕೆನೂ ನೋಡ್ಲಿ" ಎಂದರು. ಮೂರು ದಿನ ಕೂತು ಬಣ್ಣ, ಹೊಳಪು ತಿದ್ದಿದೆ.

ನಮ್ಮಪ್ಪ ಹರಿಹರದಲ್ಲಿ ಮೂವತ್ತು ವರ್ಷ ಕಾವಿ ನೆಲ ಹಾಕಿದವರು. ದಮ್ಮು ಹೆಚ್ಚಾಗಿ ಕೆಲಸ ಬಿಟ್ಟಿದ್ದರು. ಡಾಕ್ಟರಿಗೆ ತೋರಿಸಲು ದಾವಣಗೆರೆಗೆ ಬಂದವರು ಆಫೀಸಿಗೂ ಬಂದು ನನ್ನ ಚಿತ್ರ ನೋಡಿದರು.

"ಇದು ಪ್ಲಾಸ್ಟಿಕ್ ಬಕೆಟ್ ಆಗೈತಲ್ಲವ್ವ."

ನನಗೆ ಸಿಟ್ಟು ಬಂತು. "ನೆಲ ಹೊಳೀಬೇಕಲ್ಲಪ್ಪ?"

"ಹೊಳೀಬೇಕು. ಎಲ್ಲಾ ಕಡೆ ಒಂದೇ ಸಮ ಹೊಳೆಯೋ ನೆಲ ನಾನು ಕಂಡಿಲ್ಲ."

ಭಾನುವಾರ ಹರಿಹರದಲ್ಲಿ ತಾವೇ ನೆಲ ಹಾಕಿದ್ದ ಮನೆಯೊಂದಕ್ಕೆ ಕರೆದೊಯ್ದರು. "ಕಾಲ ಬುಡದಾಗ ನೋಡು" ಎಂದರು. ಬರೀ ಕೆಂಪು. ಹೊಸ್ತಿಲ ಬಳಿ ಕೂತು ತಲೆ ತಗ್ಗಿಸಿದರೆ ಆಚೆ ತುದಿಯ ಕಿಟಕಿ ನೆಲದೊಳಗೆ ಬೆಳಗುತ್ತಿತ್ತು, ಅಂಚು ಮಾತ್ರ ಮಸುಕು. ಬಾಗಿಲಿನಿಂದ ಅಡುಗೆಮನೆಗೆ ಓಡಾಡಿದ ದಾರಿ ಮಂಕಾಗಿತ್ತು. ಮೂಲೆಯೊಂದರಲ್ಲಿ ಮಂಚದಷ್ಟು ಅಗಲದ ನೆಲ ಹೊಸದರಂತೆ ಮಿರುಗುತ್ತಿತ್ತು.

"ಅಲ್ಲಿ ನಮ್ಮತ್ತಿ ಹನ್ನೆರಡು ವರ್ಷ ಮಲಗಿದ್ರು. ಮಂಚ ಸರಿಸಿದ್ದು ಅವರು ಹೋದ್ಮೇಲೇನೇ" ಎಂದರು ಮನೆಯಾಕೆ. ಅಪ್ಪ ಆ ಜಾಗವನ್ನು ಅಂಗೈಯಿಂದ ಸವರಿದರು.

ಸೋಮವಾರ ಹೊಸದಾಗಿ ಶುರುಮಾಡಿದೆ. ನೇರವಾಗಿ ನೋಡಿದ ಕಡೆ ಪ್ರತಿಬಿಂಬ ಇಳಿಸಿ, ಓರೆಯಾದಂತೆ ಏರಿಸಿದೆ. ಕಪ್ಪು-ಬಿಳುಪಿನ ಚಿತ್ರವೊಂದನ್ನು ಬರೆದು ಎಲ್ಲಿ ಹೊಳಪು, ಎಲ್ಲಿ ಸವೆತ ಎಂದು ಕಂಪ್ಯೂಟರಿಗೆ ತಿಳಿಸಿದೆ. ಮರುದಿನ ಬೆಳಿಗ್ಗೆ ಕಂಪ್ಯೂಟರಿಗೆ ಹಚ್ಚಿದ ಚಿತ್ರ ತೆರೆಯ ಮೇಲೆ ಗೆರೆ ಗೆರೆಯಾಗಿ ಮೂಡಿ ಸಂಜೆಗೆ ಮುಗಿಯಿತು.

ಮೇಷ್ಟ್ರ ಹೆಂಡತಿ ಬಹಳ ಹೊತ್ತು ನೋಡಿದರು. "ನಮ್ಮ ತವರುಮನೀ ಪಡಸಾಲಿ ಇದ್ದಂಗೈತೆ. ಇದನ್ನೇ ಹಾಕ್ಸ್ರಿ" ಎಂದರು.

ಮೇಷ್ಟ್ರ ಮನೆಯ ನೆಲ ಹಾಕುವ ಕೆಲಸವನ್ನು ಅಪ್ಪನೇ ಒಪ್ಪಿಕೊಂಡಾಗ ನಾನು ಬೇಡವೆಂದೆ. ಕೇಳಲಿಲ್ಲ. ಮೂಗಿಗೆ ಟವೆಲ್ ಸುತ್ತಿ ಕುರ್ಚಿಯ ಮೇಲೆ ಕೂತು, ತಾವು ಪಳಗಿಸಿದ್ದ ಇಬ್ಬರು ಗಾರೆಯವರಿಗೆ ಹೇಳಿ ಹೇಳಿ ಮಾಡಿಸಿದರು. ಕರಣೆ ಹಿಡಿಯಲಾಗದ ಕೈ ನೆಲ ಉಜ್ಜುವಂತೆ ತೊಡೆಯ ಮೇಲೇ ಆಡುತ್ತಿತ್ತು.

ಅದೇ ಅವರ ಕೊನೆಯ ನೆಲ. ಮರುವರ್ಷ ತೀರಿಕೊಂಡರು. ಆ ಗಾರೆಯವರಿಬ್ಬರೂ ಬಂದು ಹೆಗಲು ಕೊಟ್ಟರು.