ನನ್ನ ಸ್ವಂತ ರೊಕ್ಕ ಎಂದಿದ್ದೆ

ಸುಮಾ ಮೌಶಿ, ನಿಮ್ಮ ಮಗಳು ನಿಧಿಯನ್ನು ಸುಳ್ಳಿ ಎನಿಸಿದವನು ನಾನು. ಮೊದಲು ವಿಡಿಯೊದಲ್ಲಿ ಊರಿಗೆಲ್ಲ ಸುಳ್ಳು ಹೇಳಿದೆ. ಆಮೇಲೆ ನಿಮ್ಮ ಮನೆಯ ಸೋಫಾದಲ್ಲಿ ಕೂತು, ನೀವು ಕೊಟ್ಟ ಚಹಾ ಕುಡಿಯುತ್ತಾ, ನಿಮಗೇ ಹೇಳಿದೆ.

ಸೂರತ್ತಿನ ಅಡಾಜಣ್‌ನಲ್ಲಿ ನಾವು ಒಂದೇ ಬಿಲ್ಡಿಂಗ್‌ನವರು. ನಿಮ್ಮ ಯಜಮಾನರು ಬ್ಯಾಂಕು, ನಮ್ಮಪ್ಪ ವಿಮೆ ಕಚೇರಿ, ಇಬ್ಬರೂ ಧಾರವಾಡದ ಕಡೆಯಿಂದ ವರ್ಗವಾಗಿ ಬಂದವರು. ಕಾಲೇಜು ಓದುತ್ತಲೇ ನಾನು ಮೊಬೈಲ್ ಗೇಮ್ ಆಡುತ್ತಾ ಕನ್ನಡದಲ್ಲಿ ಹರಟುವ ವಿಡಿಯೊ ಹಾಕುತ್ತಿದ್ದೆ. ಅಲ್ಲೇ ಬೆಳೆದ ನಿಧಿಗೆ ಗುಜರಾತಿ, ಹಿಂದಿ ಸರಾಗ, ಕನ್ನಡ ಮುಗ್ಗರಿಸುತ್ತಿತ್ತು. ಬೇರೆ ತಾಯಿಯಾಗಿದ್ದರೆ ಮೊಬೈಲ್ ಕಸಿದುಕೊಳ್ಳುತ್ತಿದ್ದಳು. ನೀವು ಅವಳನ್ನು ಕೂರಿಸಿ ತೋರಿಸಿದಿರಿ. "ನಮ್ಮ ಗಿರೀಶನ ವಿಡಿಯೊ ನೋಡು, ನಾಕು ಕನ್ನಡ ಮಾತರೆ ಕಲೀತಿ" ಎಂದಿರಿ. ಅದನ್ನು ಕೇಳಿ ನಾನೆಷ್ಟು ಉಬ್ಬಿದ್ದೆ!

ಆಮೇಲೆ ಒಂದು ಗೇಮ್ ಕಂಪನಿಯವರು ಸಂಪರ್ಕಿಸಿದರು. ಅವರ ಗೇಮ್‌ನಲ್ಲಿ ದುಡ್ಡು ಕೊಟ್ಟು ಪೆಟ್ಟಿಗೆ ಒಡೆಯಬೇಕು. ಅದೃಷ್ಟವಿದ್ದರೆ ಚಿನ್ನದ ಬಂದೂಕು, ಇಲ್ಲದಿದ್ದರೆ ಕಸ. ನನಗಾಗಿ ಅವರೇ ಒಂದು ಖಾತೆ ಮಾಡಿಕೊಟ್ಟರು — ಅದರಲ್ಲಿ ಪೆಟ್ಟಿಗೆ ಒಡೆದರೆ ಚಿನ್ನವೇ ಬರುವಂತೆ. ಮೇಲೆ ಸಂಭಾವನೆ. ಇದು ಜಾಹೀರಾತು ಎಂದು ಹೇಳಬಾರದು, ಅಷ್ಟೇ ಷರತ್ತು. ನಾನು ಅದಕ್ಕೂ ಮುಂದೆ ಹೋದೆ, ಯಾರೂ ಕೇಳದೆಯೇ. ಕ್ಯಾಮೆರಾ ನೋಡಿ, "ಖರೇನ ಹೇಳ್ತೀನ್ರೀ, ನನ್ನ ಸ್ವಂತ ರೊಕ್ಕ!" ಎಂದೆ. ಬಂದೂಕು ಬಂದಾಗ ಕುರ್ಚಿಯಿಂದ ಜಿಗಿದೆ. ಆ ಜಿಗಿತಕ್ಕೂ ರಿಹರ್ಸಲ್ ಮಾಡಿದ್ದೆ — ಥೂ, ಬರೆಯುವಾಗಲೇ ಅಸಹ್ಯವಾಗುತ್ತದೆ.

ಗೇಮ್‌ನ ನಾಣ್ಯಗಳನ್ನು ಅಗ್ಗಕ್ಕೆ ಮಾರುವ ಏಜೆಂಟ್ ಒಬ್ಬನಿದ್ದ, ಜಿಗ್ನೇಶ್ ಅಂತ. ಅವನ ನಂಬರನ್ನೂ ವಿಡಿಯೊದ ಕೆಳಗೆ ಹಾಕಿದ್ದೆ. ನಿಧಿ ನನ್ನ ಬಂದೂಕು ನೋಡಿ ಆಸೆಪಟ್ಟಳು. ಮುಂದಿನ ಪೆಟ್ಟಿಗೆಯಲ್ಲಿ ಬಂದೇ ಬರುತ್ತದೆ ಎಂದು, ನಿಮ್ಮ ಫೋನಿನಿಂದ ಅವನಿಗೆ ಹಣ ಕಳಿಸುತ್ತಾ ಹೋದಳು. ಅವಳ ಡಿಸೈನ್ ಕೋರ್ಸಿಗೆ ಇಟ್ಟಿದ್ದೆಲ್ಲ ಬರಿದಾಯಿತು. ನಿಮ್ಮ ಫೋನಿನಲ್ಲಿ ಕಂಡದ್ದು ಗೇಮ್‌ನ ಹೆಸರಲ್ಲ — ಒಬ್ಬ ಗಂಡಸಿನ ಹೆಸರು. ಮಗಳು ಯಾವನೋ ಹುಡುಗನಿಗೆ ದುಡ್ಡು ಸುರಿದಿದ್ದಾಳೆ ಎಂದುಕೊಂಡಿರಿ.

ನೀವು ನನ್ನನ್ನು ಕರೆಸಿದಿರಿ. "ಈ ಜಿಗ್ನೇಶ ಯಾರು ಅಂದ್ರ, ಗೇಮ್‌ನವ, ನೀನ ನಂಬರ್ ಕೊಟ್ಟೀದಿ ಅಂತಾಳ. ಹೌದೇನಪಾ?"

ನಿಧಿ ಬಾಗಿಲ ಬಳಿ ನಿಂತಿದ್ದಳು. "ಭೈಯಾ, ಬೋಲೋ ನಾ ಮಮ್ಮೀಕೋ," ಅಮ್ಮನಿಗೆ ಹೇಳು ಎಂದು ಬೇಡಿದಳು.

"ಇಲ್ಲ ಮೌಶಿ," ಎಂದೆ. "ನನಗ ಯಾವ ಜಿಗ್ನೇಶನೂ ಗೊತ್ತಿಲ್ಲ."

ನೀವು ಅವಳ ಕೆನ್ನೆಗೆ ಹೊಡೆದಿರಿ. ನಾನು ಚಹಾ ಮುಗಿಸಿದೆ. ಮನೆಗೆ ಹೋದವನೇ ಆ ನಂಬರನ್ನು ಅಳಿಸಿಹಾಕಿದೆ.

ಮುಂದಿನದು ನಿಮಗೇ ಗೊತ್ತು. ಬಿಲ್ಡಿಂಗ್ ತುಂಬ ಗುಸುಗುಸು, ಕೋರ್ಸು ನಿಂತದ್ದು, ಅವಳು ಅಹಮದಾಬಾದಿನಲ್ಲಿ ಬಟ್ಟೆ ಅಂಗಡಿ ಸೇರಿ ಅಲ್ಲೇ ಉಳಿದದ್ದು. ನಾನೀಗ ವಡೋದರಾದ ಮಕರಪುರದಲ್ಲಿ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದೇನೆ. ಹೋದ ತಿಂಗಳು ಇಲ್ಲಿನ ಕನ್ನಡದವರ ಊಟಕ್ಕೆ ಸೂರತ್ತಿನಿಂದ ಬಂದಿದ್ದ ನೀವು ಸಿಕ್ಕಿದಿರಿ. "ನನ್ನ ಜೋಡಿ ಬರೇ ಹಿಂದಿ ಮಾತಾಡ್ತಾಳಪಾ. ಕನ್ನಡ ಆಡೂದ ಬಿಟ್ಟಾಳ," ಎಂದು ಕಣ್ಣೊರೆಸಿಕೊಂಡು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಿರಿ. ಅದನ್ನೂ ತಿಂದು, ಎದ್ದು ಕೈ ತೊಳೆದು ಮನೆಗೆ ಬಂದೆ.

ಆಗ ನಾನಿನ್ನೂ ಚಿಕ್ಕವನು, ಹೆದರಿದ್ದೆ, ಚಾನೆಲ್ ಮುಳುಗುತ್ತದೆ ಅಂತ — ಇಲ್ಲ, ಅದು ಬೇಡ. ನಾಚಿಕೆಯಾಗುತ್ತದೆ.

ನಂಬರ್ ಅಳಿಸುವ ಮೊದಲು ತೆಗೆದಿಟ್ಟಿದ್ದ ಆ ಹಳೆಯ ವಿಡಿಯೊದ ಚಿತ್ರವನ್ನು ಇದರ ಜೊತೆ ಕಳಿಸಿದ್ದೇನೆ. ಅದೇ ಚಾನೆಲ್‌ನಲ್ಲಿ, ಮುಖ ತೋರಿಸಿ, ಇದೆಲ್ಲವನ್ನೂ ಹೇಳಿ ವಿಡಿಯೊ ಹಾಕಿದ್ದೇನೆ. ನಿಧಿಗೆ ಕನ್ನಡ ಓದಲು ಬರುವುದಿಲ್ಲ; ಭಾನುವಾರ ಅಹಮದಾಬಾದಿಗೆ ಹೋಗಿ ಅವಳೆದುರು ಈ ಪತ್ರವನ್ನು ನಾನೇ ಓದುತ್ತೇನೆ. ಮುಖದ ಮೇಲೆ ಬಾಗಿಲು ಹಾಕಿದರೆ ಹಾಕಲಿ. ಆದರೆ ಅದಕ್ಕೂ ಮೊದಲು ನೀವೊಂದು ಫೋನ್ ಮಾಡಿ, ಮೌಶಿ. ಅವಳು ಹಿಂದಿಯಲ್ಲೇ ಉತ್ತರಿಸಿದರೂ ನೀವು ಕನ್ನಡದಲ್ಲೇ ಹೇಳಿ — ಯಾವ ಹುಡುಗನೂ ಇರಲಿಲ್ಲ, ನೀ ಖರೇನ ಹೇಳಿದ್ದಿ ಅಂತ.