ನೀರಿಳಿದ ಕಾಲುವೆಯಲ್ಲಿ ಹಕ್ಕಿ ನೋಡಿದ್ದು

ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಸೋದರಮಾವನ ಬೆನ್ನು ಹತ್ತಿ ಯುಗಾಂಡಾಕ್ಕೆ ಹೋದೆ. ಅಲ್ಲಿ ಕೆಲವು ವರ್ಷ ನಟ್ಟು ತಿರುಗಿಸುವ ಪಾನಾ ಹಿಡಿದು ದುಡಿದೆ. ಆಮೇಲೆ ದೊಡ್ಡ ಸರೋವರದ ಅಂಚಿನ ಒಂದು ಲಾಡ್ಜಿನಲ್ಲಿ ಮೋಟರು ರಿಪೇರಿಗೆ ಸೇರಿ, ಬೋಟು ನಡೆಸುವವನಾದೆ. ಬಂದ ಪ್ರವಾಸಿಗಳನ್ನು ಜೌಗಿನೊಳಗೆ ಕರೆದೊಯ್ದು ಹಕ್ಕಿ ತೋರಿಸುವುದು ಕೆಲಸ. ಆಳೆತ್ತರದ ಜೊಂಡು, ನಡುವೆ ಬೋಟು ತೂರುವಷ್ಟೇ ಅಗಲದ ನೀರಿನ ದಾರಿ. ಅಲ್ಲಿ ಬೂಟಿನಂಥ ಕೊಕ್ಕಿನ ಬೂದು ಹಕ್ಕಿಯೊಂದು ಕಲ್ಲಿನ ಹಾಗೆ ನಿಂತಿರುತ್ತಿತ್ತು. ಅದನ್ನು ನೋಡಲೆಂದೇ ಜನ ಸಮುದ್ರ ದಾಟಿ ಬರುತ್ತಿದ್ದರು.

ಹಕ್ಕಿ ತೋರಿಸುವುದಕ್ಕೆ ನಮ್ಮದೊಂದು ಪದ್ಧತಿ ಇತ್ತು. ಜೊಂಡಿನ ಒಳಗೆ ಹೋದಮೇಲೆ ಮೋಟರು ಬಂದ್. ಗಳ ಊರಿ ಸ್ವಲ್ಪ ದೂರ. ಆಮೇಲೆ ಅದೂ ಇಲ್ಲ, ಸುಮ್ಮನೆ ಕೂಡುವುದು. ಜೌಗು ನಮ್ಮನ್ನು ಮರೆಯುವವರೆಗೆ ಯಾರೂ ತುಟಿ ಬಿಚ್ಚಬಾರದು. ಬಣ್ಣದ ಬಟ್ಟೆ, ಅತ್ತರು, ತಿಂಡಿಪೊಟ್ಟಣ ಯಾವುದೂ ಬೋಟಿನಲ್ಲಿರಬಾರದು. ದೊಡ್ಡ ದೊಡ್ಡ ಹುದ್ದೆಯ ಸಾಹೇಬರನ್ನೂ ನಾನು ಬಾಯಿ ಮುಚ್ಚಿಸಿ ಕೂಡಿಸಿದ್ದೇನೆ. ಅವರು ತಪ್ಪು ತಿಳಿದದ್ದಿಲ್ಲ.

ಏಷ್ಯಾದವರೆಲ್ಲ ದೇಶ ಬಿಡಬೇಕೆಂದು ಹುಕುಂ ಆದಾಗ ನಾನೂ ಬಿಟ್ಟೆ. ಒಂದು ಚರ್ಚಿನವರ ಜಾಮೀನಿನ ಮೇಲೆ ನ್ಯೂಜೆರ್ಸಿಯ ಹ್ಯಾರಿಸನ್‌ಗೆ ಬಂದು, ಒಂದು ಕಾರ್ಖಾನೆಯ ಶೆಡ್ಡಿನಲ್ಲಿ ಲೇತ್ ಮಶೀನಿನ ಮುಂದೆ ನಿಂತೆ. ಕೆಲಸಕ್ಕೆ ಬೆನ್ನು ತೋರಿಸುವವನಲ್ಲ ನಾನು. ಆದರೆ ಆ ಶೆಡ್ಡಿನಲ್ಲಿ ಕಿಟಕಿಗೆ ಕೂಡ ಬಣ್ಣ ಬಳಿದಿದ್ದರು. ಬೆಳಕು ಕಾಣದೆ ಮುದುಕನಾಗುತ್ತೇನೆಂಬುದನ್ನು ನನ್ನಿಂದ ಸಹಿಸಲಾಗಲಿಲ್ಲ.

ಊರಿನ ಆಚೆ, ಹೆದ್ದಾರಿಗೂ ಕಸದ ಗುಡ್ಡಗಳಿಗೂ ನಡುವೆ ಒಂದು ಜೌಗು ಇತ್ತು. ಅಲ್ಲಿ ಬೋಟು ಬಾಡಿಗೆಗೆ ಕೊಡುವ ಒಬ್ಬ ಮುದುಕ ಅಮೆರಿಕನ್, ಹಕ್ಕಿ ನೋಡುವವರಿಗಾಗಿ ಸವಾರಿ ಶುರು ಮಾಡಬೇಕೆಂದಿದ್ದ. ಅವನ ಕೆಟ್ಟ ಮೋಟರೊಂದನ್ನು ನಾನು ಬಿಚ್ಚಿ ಸರಿಮಾಡಿ ಕೊಟ್ಟೆ. ಆಫ್ರಿಕಾದ ಕತೆ ಹೇಳಿದೆ.

“ಒಂದು ಭಾನುವಾರ ಜನ ಕರಕೊಂಡು ಬಾ, ನಡೆಸಿ ತೋರಿಸು. ಮನಸ್ಸಿಗೆ ಬಂದರೆ ಬೇಸಿಗೆಯಿಡೀ ಬೋಟು ನಿನ್ನ ಕೈಯಲ್ಲಿ” ಅಂದ ಅವನು. ಆಮೇಲೆ, “ಈ ನೀರು ಗೊತ್ತೇನು ನಿನಗೆ?” ಅಂತ ಕೇಳಿದ.

“ನೀರು ನನಗೆ ಹೊಸದಲ್ಲ” ಅಂದೆ.

ಜನ ಅಂದರೆ ನನಗೆ ಸಿಕ್ಕವರು ವೆಸ್ಟ್ ವಿಂಡ್ಸರ್ ಕಡೆಯ ಒಬ್ಬ ಎಂಜಿನಿಯರು. ಧಾರವಾಡದವರು, ಅವರ ಕಾರು ನನ್ನ ಕೈಯಲ್ಲೇ ರಿಪೇರಿಯಾಗುತ್ತಿತ್ತು. ಜೊತೆಗೆ ಮೈಸೂರಿನ ಅವರ ಹೆಂಡತಿ, ಸಣ್ಣ ಮಗಳು, ಊರಿನಿಂದ ಬಂದಿದ್ದ ಎಂಜಿನಿಯರ ತಾಯಿ. ನಿಯಮಗಳನ್ನೆಲ್ಲ ಫೋನಿನಲ್ಲೇ ಹೇಳಿದ್ದೆ. ಆದರೂ ಹೆಂಡತಿ ಕಡು ಹಸಿರು ರೇಷ್ಮೆ ಸೀರೆಯಲ್ಲಿ ಕಾರಿನಿಂದ ಇಳಿದರು.

“ವೈನಿ, ಬಣ್ಣದ್ದು ಬ್ಯಾಡ ಅಂದಿದ್ದೆ” ಅಂದೆ. ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತೇವೆ.

“ಹುಲ್ಲೂ ಹಸಿರೇ ಅಲ್ವಾ? ಹಕ್ಕಿಗೆ ನಾನು ಕಾಣೋದೇ ಇಲ್ಲ ಬಿಡಿ.”

ಅಜ್ಜಿಯ ಕೈಚೀಲ ತೋರಿಸಿ ತಿಂಡಿ ಏನಾದರೂ ಇದೆಯೇ ಎಂದು ಕೇಳಿದೆ. “ಗುಳಿಗಿ ಅವ, ಬಿ.ಪಿ.ದು” ಅಂದರು ಅಜ್ಜಿ. ಗುಳಿಗೆಗೆ ಅಷ್ಟು ದೊಡ್ಡ ಚೀಲವೇ ಎಂದು ಕೇಳುವುದು ಮರ್ಯಾದೆಯಲ್ಲ ಎಂದು ಬಿಟ್ಟೆ.

ನೀರು ತುಂಬಿತ್ತು. ಮುದುಕ ಕಟ್ಟೆಯ ಮೇಲೆ ಕೈಕಟ್ಟಿ ನಿಂತು ನೋಡುತ್ತಿದ್ದ. ನಾನು ಜೌಗಿನ ನಡುವೆ ಹರಿಯುವ ನದಿ ಬಿಟ್ಟು ಒಂದು ಸಣ್ಣ ಕಾಲುವೆಗೆ ಬೋಟು ತಿರುಗಿಸಿದೆ. ಎರಡೂ ಕಡೆ ಜೊಂಡು. ದೂರದಲ್ಲಿ ನ್ಯೂಯಾರ್ಕಿನ ಗೋಪುರಗಳು ಕಾಣದಿದ್ದರೆ ಹಳೆಯ ಜಾಗವೇ. ಮೋಟರು ಬಂದ್ ಮಾಡಿ, ಗಳ ಊರಿ ಒಳಗೆ ಒಳಗೆ ಹೋದೆ. ಆಮೇಲೆ ತುಟಿಯ ಮೇಲೆ ಬೆರಳಿಟ್ಟೆ.

ಹುಡುಗಿ ಇಂಗ್ಲಿಷಿನಲ್ಲಿ ಏನೋ ಕೇಳಿತು, ತಾಯಿ ಗದರಿಸಿದರು. ಸೇತುವೆಯ ಮೇಲೆ ರೈಲು ಹೋಯಿತು. ಒಂದು ಬೆಳ್ಳಕ್ಕಿ ಬಂದಿಳಿಯಿತು. ರೆಕ್ಕೆಯ ಮೇಲೆ ಕೆಂಪು ಪಟ್ಟಿಯ ಕರಿ ಹಕ್ಕಿಗಳು ಜೊಂಡಿನ ತುದಿಯಲ್ಲಿ ಜೋಲಿ ಹೊಡೆದವು. ಎಂಜಿನಿಯರು ದುರ್ಬೀನು ಹಿಡಿದು ಉಸಿರು ಬಿಗಿಹಿಡಿದಿದ್ದರು. ಕೆಲಸ ಸಿಕ್ಕಿತು ಎಂದುಕೊಂಡೆ.

ಆಗ ಅಜ್ಜಿ ನನ್ನ ತೋಳು ಮುಟ್ಟಿ, ಕಾಲುವೆಯ ದಂಡೆ ತೋರಿಸಿ, “ತಮ್ಮಾ, ಆ ದಂಡಿ ಆಗಳೆ ಇಷ್ಟ ಎತ್ತರ ಇದ್ದಿಲ್ಲಲ್ಲೋ” ಅಂದರು.

“ಶ್‌...” ಅಂದೆ.

“ಅಲ್ಲಪಾ, ಏಡಿ ಮನಿ ಎಲ್ಲಾ ಹೊರಗ ಕಾಣಸ್ತಾವ.”

“ಅಜ್ಜೀ, ಮಾತಾಡಬ್ಯಾಡ್ರಿ ಅಂದೆ.”

ಅವರು ಸೆರಗು ಬಾಯಿಗೆ ಒತ್ತಿಕೊಂಡು ಸುಮ್ಮನಾದರು. ಆಮೇಲೆ ಬೋಟಿನ ತಳ ಸೊರ್ರೆಂದಿತು. ಗಳ ಊರಿದೆ, ಅಲುಗಲಿಲ್ಲ. ಮೋಟರು ಹಾಕಿದೆ, ಕೆಸರು ಎರಚಿತು. ಹಸಿರು ಸೀರೆಗೆ ಕಪ್ಪು ಅಂಚು ಬಂತು. ನಾನು ನಡೆಸಿದ್ದು ಸಿಹಿನೀರಿನ ಸರೋವರದಲ್ಲಿ. ಅಲ್ಲಿ ಬೆಳಗ್ಗೆ ಇದ್ದ ನೀರು ಸಂಜೆಗೂ ಇರುತ್ತದೆ. ಇದು ಸಮುದ್ರಕ್ಕೆ ಬಾಯಿ ತೆರೆದ ಜೌಗು. ಭರತಕ್ಕೆ ಏರಿದ ನೀರು ಇಳಿತಕ್ಕೆ ಹೊರಟು ಹೋಗಿತ್ತು. ಬಯಲುಸೀಮೆಯವನು ನಾನು. ಭರತ, ಇಳಿತ ಎಂಬುದು ಶಾಲೆಯ ಪುಸ್ತಕದಲ್ಲಿ ಇದ್ದಿದ್ದರೆ ಅದು ನಾನು ಬಿಟ್ಟ ಮೇಲಿನ ಇಯತ್ತೆಯಲ್ಲಿ ಇದ್ದಿರಬೇಕು.

“ಅಜ್ಜೀ, ಜೋರಾಗಿ ಹೇಳೋದಲ್ಲೇನ್ರೀ?”

“ಮಾತಾಡಬ್ಯಾಡ ಅಂದಿ, ಕುಂತೆ. ನನಗೇನು ಹಡಗ ನಡಸಿ ರೂಢಿ ಐತೇನು?”

ಇಳಿದು ನಡೆಯೋಣವೆಂದರೆ ಕೆಸರು ಮೊಣಕಾಲಿನ ಮೇಲಕ್ಕೆ. ನೀರು ತಾನಾಗಿ ಬರುವವರೆಗೆ ಕೂಡಬೇಕಾಯಿತು. ಅಜ್ಜಿ ಚೀಲ ಬಿಚ್ಚಿದರು. ಗುಳಿಗೆಯ ಡಬ್ಬಿಯ ಕೆಳಗೆ ಶೇಂಗಾ ಹೋಳಿಗೆ, ಹಚ್ಚಿದ ಅವಲಕ್ಕಿ. ನನಗೂ ಒಂದು ಹೋಳಿಗೆ ಕೊಟ್ಟರು. ತಿಂದೆ.

ಹಕ್ಕಿಗಳು ಬಂದದ್ದು ಆಗಲೇ. ನೀರಿಳಿದ ಕೆಸರಿಗೆ ಗುಬ್ಬಿಗಿಂತ ತುಸು ದೊಡ್ಡ ಉಲ್ಲಂಕಿಗಳು ಹಿಂಡುಹಿಂಡಾಗಿ ಇಳಿದು, ಹೊಲಿಗೆ ಮಶೀನಿನ ಸೂಜಿಯ ಹಾಗೆ ಕೊಕ್ಕು ಆಡಿಸತೊಡಗಿದವು. ನೀಲಿ ಬೂದಿನ ದೊಡ್ಡ ಬಕವೊಂದು ಬೋಟಿನ ಪಕ್ಕದಲ್ಲೇ ಏಡಿ ಹೆಕ್ಕಿಕೊಂಡು ನಡೆಯಿತು. ನಾವು ಅವಲಕ್ಕಿ ಅಗಿಯುವ ಸದ್ದಿಗೆ ಅವು ತಲೆಯನ್ನೂ ಎತ್ತಲಿಲ್ಲ. ಹುಡುಗಿ ಹೇಳಿಸಿಕೊಳ್ಳದೆಯೇ ಮಾತು ನಿಲ್ಲಿಸಿ, ಬೋಟಿನ ಅಂಚಿಗೆ ಗದ್ದವಿಟ್ಟು ನೋಡುತ್ತ ಕೂತಿತು.

ಎಂಜಿನಿಯರು ಮಾತ್ರ ನನ್ನ ಚಿಂತೆ ಹಚ್ಚಿಕೊಂಡಿದ್ದರು. “ನೋಡ್ರಿ, ಮೋಟರ್ ಫೇಲ್ ಆಗಿತ್ತು ಅಂತ ಹೇಳಿಬಿಡೋಣ. ಸ್ಟಕ್ ಆಗಿಬಿಟ್ವಿ ಅಂತ. ನಾನ ಹೇಳ್ತೀನಿ. ಎಂಜಿನಿಯರ್ ಹೇಳಿದ್ರ ಅವ ನಂಬ್ತಾನ. ನಿಮ್ಮ ಕೆಲಸಾ ಉಳೀತದ.”

“ಆ ಮೋಟರ್ ಬಿಚ್ಚಿ ಜೋಡಿಸಿದವ ನಾನು, ರಾಯರ. ಅದು ಕೆಟ್ಟದ್ದಿಲ್ಲ, ಕೆಡೂದೂ ಇಲ್ಲ.”

“ಕೆಲಸ ಹೋದೀತು.”

“ಹೋಗಲಿ. ನನ್ನ ಕೈಯಾಗಿನ ಮೋಟರ್ ಕೆಟ್ಟಿತ್ತು ಅಂತ ಯಾರೂ ಅನ್ನಬಾರದು.”

“ಒಳ್ಳೆ ಜಂಬ ಕಣ್ರೀ ನಿಮ್ದು” ಅಂದರು ವೈನಿ, ಸೀರೆಯ ಕೆಸರು ಕೆರೆಯುತ್ತ.

ಇಳಿಹೊತ್ತಿಗೆ ನೀರು ತಿರುಗಿ ಬಂತು. ಬೋಟು ಒಮ್ಮೆ ಹೊರಳಿ ತೇಲಿತು. ಕಟ್ಟೆಯ ಮೇಲೆ ಮುದುಕ ಅದೇ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ.

“ಮೋಟರು ಕೆಟ್ಟಿತೇ?” ಅಂತ ಕೇಳಿದ.

ಎಂಜಿನಿಯರು ನನ್ನ ಮುಖ ನೋಡಿದರು.

“ಇಲ್ಲ. ನೀರು ಇಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ” ಅಂದೆ.

ಮುದುಕ ಬಗ್ಗಿ ಮೋಟರಿನ ಹಗ್ಗ ಎಳೆದ. ಮೊದಲ ಎಳೆತಕ್ಕೇ ಶುರುವಾಯಿತು. ಬಂದ್ ಮಾಡಿ, “ಈ ವರ್ಷ ಬೋಟು ನಾನು ನಡೆಸುತ್ತೇನೆ. ನೀನು ಮುಂದೆ ಕೂತು ಹಕ್ಕಿ ತೋರಿಸು, ಮೋಟರು ನೋಡಿಕೋ. ನೀರು ಕಲಿ. ಮುಂದಿನ ವರ್ಷ ನೋಡೋಣ” ಅಂದ.

ನಾನು ಇರುವ ಬೋಟನ್ನು ಬೇರೆಯವನ ಕೈಗೆ ಕೊಟ್ಟವನಲ್ಲ ನಾನು. ಆಗುವುದಿಲ್ಲ ಅನ್ನುವುದಕ್ಕೆ ಬಾಯಿ ತೆರೆದೆ. ಮುದುಕ ಏನಂದ ಎಂದು ಅಜ್ಜಿ ಮಗನನ್ನು ಕೇಳಿ ತಿಳಿದುಕೊಂಡಿದ್ದರು.

“ಕುಂದ್ರಾಕ ಜಾಗಾ ಕೊಟ್ಟಾನಲ್ಲಪಾ, ಕುಂದ್ರು” ಅಂದರು. “ಇಷ್ಟೊತ್ತು ನಮ್ಮನ್ನ ಸುಮ್ಮನ ಕುಂಡ್ರಿಸಿದಿ. ನಿನಗ ಕುಂದ್ರಾಕ ಏನಾಗೇತಿ?”

ಮುಂದಿನ ಭಾನುವಾರ ಮುಂದೆ ಕೂತೆ. ಎರಡನೆಯ ಬೇಸಿಗೆಗೆ ಬೋಟು ನನ್ನ ಕೈಗೆ ಬಂತು. ಅಷ್ಟರೊಳಗೆ ಯಾವ ಕಾಲುವೆಯಲ್ಲಿ ಎಷ್ಟು ಹೊತ್ತು ಕೂಡಬಹುದೆಂದು ಕಲಿತಿದ್ದೆ. ಲೇತ್ ಮಶೀನು ಬಿಟ್ಟೆ. ಹತ್ತುವವರಿಗೆ ಹಳೆಯ ನಿಯಮಗಳನ್ನೇ ಹೇಳುತ್ತಿದ್ದೆ: ಬಣ್ಣದ ಬಟ್ಟೆ ಬೇಡ, ಅತ್ತರು ಬೇಡ, ಮಾತು ಬೇಡ. ಕೊನೆಗೆ ಒಂದು ಸೇರಿಸುತ್ತಿದ್ದೆ, ದಂಡೆ ಎತ್ತರವಾದಂತೆ ಕಂಡರೆ ಮಾತ್ರ ಗಟ್ಟಿಯಾಗಿ ಹೇಳಿ. ತಿಂಡಿ ಬೇಡ ಎಂದು ಹೇಳುವುದನ್ನು ಬಿಟ್ಟಿದ್ದೆ.